ಕಲ್ಲಿನ ಗ್ರಂಥಸಂಪಾದನೆ

ಕಳೆದ ವರ್ಷ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ಮಗ ಐದು ವರ್ಷ ವಾಸ್ತುಶಿಲ್ಪದ ವ್ಯಾಸಂಗ ಮುಗಿಸಿ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದನು. ಅದನ್ನು ಬಿಟ್ಟು, ಪ್ರಾಚೀನ ಕಟ್ಟಡಗಳ ಸಂರಕ್ಷಣೆಯನ್ನು ಇನ್ನೆರಡು ವರ್ಷ ಓದಲು ದೆಹಲಿಗೆ ಹೊರಟಿದ್ದಾನಂತೆ. “ಹಾಳುಗುಡಿಯ ಹುಚ್ಚು ಹತ್ತಿಸಿದವರು ನೀವು, ಮೇಷ್ಟ್ರೆ. ಬಿಡಿಸುವವರೂ ನೀವೇ ಆಗಬೇಕು” ಎಂದರು. ದೂರು ಸುಳ್ಳಲ್ಲ. ಪಿ.ಯು.ಸಿ. ಓದುತ್ತಿದ್ದ ಅವನನ್ನು ಸೋಮನಾಥಪುರಕ್ಕೆ ಕರೆದೊಯ್ದವನು ನಾನೇ.

ಬುದ್ಧಿ ಹೇಳಬೇಕೆಂದು ಒಂದು ಭಾನುವಾರ ಹುಡುಗನನ್ನು ನಮ್ಮೂರಿಗೆ ಕರೆದುಕೊಂಡು ಹೋದೆನು. ಬಳಪದ ಕಲ್ಲಿನ ನಮ್ಮ ಈಶ್ವರನ ಗುಡಿಯನ್ನು ಊರವರು ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರ ಮಾಡಿಸಿದ್ದರು. ಕಲ್ಲಿನ ಸಂದುಗಳಿಗೆ ಸಿಮೆಂಟು, ಕಂಬಗಳಿಗೆ ಎಣ್ಣೆಬಣ್ಣ, ನೆಲಕ್ಕೆ ನುಣುಪಾದ ಟೈಲ್ಸು. ಅವನು ಮಾತಾಡದೆ ಗೋಡೆಯ ಬುಡಕ್ಕೆ ಅಂಗೈಯಿಟ್ಟು ನೋಡಿದನು. ತೇವವಿತ್ತು, ಕಲ್ಲಿನ ಪುಡಿ ಕೈಗೆ ಅಂಟಿ ಬಂತು.

“ಸುಣ್ಣದ ಗಾರೆ ಮೆದು, ಸಾರ್. ಒಳಗೆ ಸೇರಿದ ನೀರು ಅದರ ಮೂಲಕ ಆರಿಹೋಗುತ್ತದೆ. ಸಿಮೆಂಟು ಬಿಗಿ. ದಾರಿ ಕಾಣದ ನೀರು ಕಲ್ಲಿನಲ್ಲೇ ನಿಂತು, ಉಪ್ಪು ಹರಳುಗಟ್ಟಿ, ಕಲ್ಲಿನ ಮೈಯನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಗಾರೆ ಕೆಟ್ಟರೆ ಮತ್ತೆ ತುಂಬಬಹುದು. ಕೆತ್ತನೆಯ ಕಲ್ಲು ಕೆಟ್ಟರೆ ತರುವುದೆಲ್ಲಿಂದ?” ಎಂದನು. ಸುಣ್ಣವನ್ನು ದಿನಗಟ್ಟಲೆ ನೆನೆಸಿ, ಮರಳು ಬೆರೆಸಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಕೂಡಿಸುವ ಹಳಬರ ಪಾಕವನ್ನು ವಿವರಿಸಿದನು.

ಆಮೇಲೆ ಕೇಳಿದನು: “ನವರಂಗದ ನೆಲದಲ್ಲಿ ಒಂದು ದಾನಶಾಸನವಿದೆ, ನಾನು ಮೊದಲು ಓದಿದ ಶಾಸನ ಅದೇ ಎಂದು ತರಗತಿಯಲ್ಲಿ ಹೇಳುತ್ತಿದ್ದಿರಿ. ಎಲ್ಲಿದೆ, ಸಾರ್?”

ಅದು ಟೈಲ್ಸಿನ ಕೆಳಗಿತ್ತು. ಟೈಲ್ಸಿಗೆ ಹಣ ಕೊಟ್ಟವರ ಹೆಸರುಗಳು ಬಾಗಿಲ ಪಕ್ಕದ ಅಮೃತಶಿಲೆಯ ಫಲಕದಲ್ಲಿದ್ದವು. ಅವುಗಳಲ್ಲಿ ನನ್ನದೂ ಒಂದು.

ಬುದ್ಧಿ ಹೇಳಲು ಹೋದವನು ಹೇಳಿಸಿಕೊಂಡು ಬಂದೆನು. ಇಪ್ಪತ್ತು ವರ್ಷಗಳಿಂದ ನಾನು ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದೇನೆ. ಓಲೆಗರಿ ಮುರಿದು ಪದ್ಯದ ಒಂದು ಪಾದ ಲೋಪವಾಗಿದ್ದರೆ ಸಂಪಾದಕನು ಅಲ್ಲಿ ಚುಕ್ಕಿಗಳನ್ನಿಟ್ಟು ಸುಮ್ಮನಾಗಬೇಕು. ತಾನೇ ಕವಿಯಾಗಿ ಅದನ್ನು ತುಂಬಕೂಡದು. ಕಟ್ಟಡವನ್ನು ಕಾಯುವವನ ಧರ್ಮವೂ ಇದೇ ಅಲ್ಲವೆ? ಜಾನ್ ಮಾರ್ಷಲ್ 1923ರ ತಮ್ಮ ಸಂರಕ್ಷಣಾ ಕೈಪಿಡಿಯಲ್ಲಿ, ಹೊಸದಾಗಿಸುವುದಕ್ಕಿಂತ ಇದ್ದುದನ್ನು ಉಳಿಸುವುದೇ ಮೊದಲ ಕರ್ತವ್ಯವೆಂದು ವಿಧಿಸಿದರು. ಊಹೆ ತೊಡಗಿದಲ್ಲಿ ಪುನರುದ್ಧಾರ ನಿಲ್ಲಬೇಕೆಂಬುದು 1964ರ ವೆನಿಸ್ ಸನ್ನದಿನ ತತ್ತ್ವ. ಕನ್ನಡಿಗರಿಗೆ ಈ ನಂಟು ಹೊಸದೂ ಅಲ್ಲ. ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರೇ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಅವರ ಗ್ರಂಥ 1917ರಲ್ಲಿ ಹೊರಬಂದಿತು. ಓಲೆಯನ್ನು ಓದಿದ ಕಣ್ಣೇ ಕಲ್ಲನ್ನೂ ಓದಿತು.

ತಂದೆ ಮತ್ತೆ ಬಂದಾಗ ನಾನು ಏನನ್ನೂ ಮುಚ್ಚಿಡಲಿಲ್ಲ. ಈ ವೃತ್ತಿಯಲ್ಲಿ ಬಿಸಿಲು ಹೆಚ್ಚು, ಹಣ ಕಡಿಮೆ. 1861ರಲ್ಲಿ ಆರಂಭವಾದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಾಗಲಿ, ರಾಜ್ಯದ ಇಲಾಖೆಯಲ್ಲಾಗಲಿ ಹುದ್ದೆ ಸುಲಭವಾಗಿ ಸಿಕ್ಕದು. ಆದರೆ 1986ರಲ್ಲಿ ಹಂಪೆ, 2023ರಲ್ಲಿ ಬೇಲೂರು, ಹಳೆಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ಕಾಯಲು ಕಾನೂನಿದೆ, ಕಾವಲಿದೆ. ನಮ್ಮೂರಿನ ಗುಡಿಯಂಥವನ್ನು ಕಾಯಲು ವಿಷಯ ಬಲ್ಲ ಒಬ್ಬ ಮನುಷ್ಯನೇ ಬೇಕು.

“ಹಾಗಾದರೆ ನೀವು ಬಿಡಿಸುವುದಿಲ್ಲ” ಎಂದರು.

“ನನ್ನಿಂದ ಆಗದು” ಎಂದೆನು. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಹುಡುಗ ಈಗ ದೆಹಲಿಯಲ್ಲಿದ್ದಾನೆ. ನವರಂಗದ ಒಂದು ಸಾಲು ಟೈಲ್ಸನ್ನು ಎಬ್ಬಿಸಲು ಅಪ್ಪಣೆಯಾಗಬೇಕು, ವೆಚ್ಚ ನನ್ನದು ಎಂದು ಊರಿನ ಹಿರಿಯರಿಗೆ ಬರೆದಿದ್ದೇನೆ. ಅವರಿನ್ನೂ ಒಪ್ಪಿಲ್ಲ. ರಜೆಗೆ ಬಂದಾಗ ಜೊತೆಗೆ ಬರುತ್ತೇನೆಂದು ಅವನು ತಿಳಿಸಿದ್ದಾನೆ.