ಪಡೂಕಾದ ಕ್ವಿಲ್ಟ್ ಜಾತ್ರೆಗೆ ಒಬ್ಬರೇ ಹೋಗಬೇಡಿ

ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಟೆನೆಸಿ ನದಿ ಓಹಾಯೊ ನದಿಯನ್ನು ಸೇರುವಲ್ಲಿ ಪಡೂಕಾ ಎಂಬ ಊರಿದೆ. ಜನಸಂಖ್ಯೆ 27,000ದ ಆಸುಪಾಸು. ಏಪ್ರಿಲ್‌ನಲ್ಲಿ ನಡೆಯುವ ಕ್ವಿಲ್ಟ್ ವಾರಕ್ಕೆ ಊರಿನವರಿಗಿಂತ ಹೊರಗಿನವರೇ ಹೆಚ್ಚಾಗುತ್ತಾರೆ. ಇದೇ ಊರಿನ ಬಿಲ್ ಮತ್ತು ಮೆರೆಡಿತ್ ಶ್ರೋಡರ್ ದಂಪತಿ 1984ರಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ಕಟ್ಟಿ, ಮರುವರ್ಷ ಮೊದಲ ಪ್ರದರ್ಶನ ನಡೆಸಿದರು. 1991ರಲ್ಲಿ ಕ್ವಿಲ್ಟ್‌ಗಳಿಗೇ ಒಂದು ಮ್ಯೂಸಿಯಂ ಎದ್ದಿತು. 2013ರಲ್ಲಿ ಯುನೆಸ್ಕೊ ಈ ಊರನ್ನು ಕರಕುಶಲ ಮತ್ತು ಜನಪದ ಕಲೆಯ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು.

ಕ್ವಿಲ್ಟ್ ಅಂದರೆ ಮೂರು ಪದರ: ಮೇಲೆ ತುಂಡುಬಟ್ಟೆ ಜೋಡಿಸಿದ ಚಿತ್ತಾರ, ನಡುವೆ ಹತ್ತಿಯದೋ ಉಣ್ಣೆಯದೋ ಹಾಸು, ಕೆಳಗೆ ಅಸ್ತರು. ಮೂರನ್ನೂ ಹಿಡಿದಿಡುವ ಹೊಲಿಗೆಯೇ ಕ್ವಿಲ್ಟಿಂಗ್. ಅಜ್ಜಿಯ ಕೌದಿ ಹೊದ್ದು ಬೆಳೆದವರಿಗೆ ಇಷ್ಟು ಸಾಕು.

ಸಭಾಂಗಣದಲ್ಲಿ ತೂಗುವ ಪ್ರತಿ ಕ್ವಿಲ್ಟ್‌ನ ಹಿಂದೆ ತಿಂಗಳುಗಳ ಸೋಸುವಿಕೆ ಇರುತ್ತದೆ. ಸ್ಪರ್ಧಿಗಳು ಮೊದಲು ಫೋಟೊ ಕಳಿಸಬೇಕು. ಒಂದು ಇಡೀ ಕ್ವಿಲ್ಟ್‌ನದು, ಇನ್ನೊಂದು ಹೊಲಿಗೆ ಕಾಣುವಷ್ಟು ಹತ್ತಿರದ್ದು. ಆಯ್ಕೆಯಾದರೆ ಮಾತ್ರ ಅಸಲಿ ಕ್ವಿಲ್ಟ್ ಪೆಟ್ಟಿಗೆಯಲ್ಲಿ ಹೊರಡುತ್ತದೆ. ತೂಗುಹಾಕಲು ಹಿಂಬದಿಯ ಮೇಲಂಚಿಗೆ ಬಟ್ಟೆಯ ಕೊಳವೆಯೊಂದನ್ನು ಹೊಲಿದಿರಬೇಕು, ಕೋಲು ತೂರುವುದು ಅದರೊಳಗೆ. ತೀರ್ಪುಗಾರರಿಗೆ ಹೊಲಿದವರ ಹೆಸರು ಹೇಳುವುದಿಲ್ಲ. ದೂರದಿಂದ ಬಣ್ಣ, ವಿನ್ಯಾಸ ನೋಡಿದ ಮೇಲೆ ಅವರು ಬಗ್ಗುವುದು ಅಂಚಿನ ಪಟ್ಟಿಗೆ. ಪಟ್ಟಿಯೊಳಗೆ ಹಾಸು ತುದಿಯವರೆಗೂ ತುಂಬಿದೆಯೇ ಅಥವಾ ಹಿಸುಕಿದರೆ ಪೊಳ್ಳೇ? ಮೂಲೆ ಚೌಕವಾಗಿದೆಯೇ? ತ್ರಿಕೋನದ ಮೊನೆ ಪಕ್ಕದ ಹೊಲಿಗೆಯಲ್ಲಿ ಮೊಂಡಾಗಿದೆಯೇ? ದಾರ ಶುರುವಾದ ಜಾಗ, ಮುಗಿದ ಜಾಗ ಗೊತ್ತಾಗುತ್ತದೆಯೇ? ಗುರುತಿಗೆ ಎಳೆದ ಪೆನ್ಸಿಲ್ ಗೆರೆ ಉಳಿದಿದೆಯೇ? ನುರಿತವರ ಕೈಹೊಲಿಗೆಯಲ್ಲಿ ಒಂದು ಇಂಚಿಗೆ ಹತ್ತು–ಹನ್ನೆರಡು ಟಾಕುಗಳು ಬೀಳುತ್ತವೆ. ಆದರೆ ಎಣಿಕೆಗಿಂತ ಎಲ್ಲವೂ ಒಂದೇ ಉದ್ದ ಇರುವುದು ಮುಖ್ಯ.

ಕೈಯೋ ಮಿಷನ್ನೋ ಎಂಬ ಜಗಳಕ್ಕೂ ಇಲ್ಲಿ ಒಂದು ಇಸವಿ ಇದೆ. 1989ರಲ್ಲಿ ಅಗ್ರ ಬಹುಮಾನ ಹೋಗಿದ್ದು ಕ್ಯಾರಲ್ ಬ್ರಯರ್ ಫ್ಯಾಲರ್ಟ್ ಅವರ ‘ಕರೋನ 2: ಸೋಲಾರ್ ಎಕ್ಲಿಪ್ಸ್’ಗೆ. ಸೂರ್ಯಗ್ರಹಣದ ಕ್ವಿಲ್ಟ್, ಹೊಲಿದದ್ದು ಮಿಷನ್ನಿನಲ್ಲಿ. ಅಲ್ಲಿಯವರೆಗೆ ಆ ಬಹುಮಾನ ಮಿಷನ್ ಹೊಲಿಗೆಗೆ ಬಂದಿರಲಿಲ್ಲ. ಸೂಜಿ ಹಿಡಿದೇ ಬೆರಳು ಸವೆಸಿಕೊಂಡವರಿಗೆ ಇದು ಮೋಸವೆನಿಸಿತು, ಗದ್ದಲವೆದ್ದಿತು. ಆಮೇಲೆ ಮಿಷನ್ ಹಿಂದೆ ಸರಿಯಲಿಲ್ಲ. ಈಗ ಕೈಹೊಲಿಗೆಗೆ, ಮೇಜಿನ ಮೇಲಿನ ಮಿಷನ್ನಿಗೆ, ಚೌಕಟ್ಟಿನ ಮೇಲೆ ಓಡಾಡುವ ಲಾಂಗ್‌ಆರ್ಮ್‌ಗೆ ಬೇರೆ ಬೇರೆ ಬಹುಮಾನಗಳಿವೆ. ನನ್ನ ಕೇಳಿದರೆ ಇದು ಸರಿಯಾದ ಪರಿಹಾರ. ಲಾಂಗ್‌ಆರ್ಮ್‌ನಲ್ಲಿ ಗೆರೆ ತಿರುಗಿಸುವುದೂ ಸುಲಭದ ಕೆಲಸವಲ್ಲ. ಇನ್ನು ಅಗ್ರ ಬಹುಮಾನದ ಹಣ ಪಡೆದರೆ ಕ್ವಿಲ್ಟ್ ಮ್ಯೂಸಿಯಂ ಪಾಲಾಗುತ್ತದೆ. ಕ್ವಿಲ್ಟ್ ಬಿಟ್ಟುಕೊಡಲು ಮನಸ್ಸಿಲ್ಲದವರು ಹಣವನ್ನೇ ಬಿಡಬಹುದು.

ನೋಡುವುದು ಹೇಗೆ? ನೂರಾರು ಕ್ವಿಲ್ಟ್‌ಗಳ ನಡುವೆ ಒಬ್ಬರೇ ನಡೆದರೆ ಅರ್ಧ ದಿನದಲ್ಲಿ ಕಣ್ಣು ಮಂಕಾಗುತ್ತದೆ, ಎಲ್ಲವೂ ಬರೀ ‘ಚೆಂದ’ ಅನಿಸತೊಡಗುತ್ತದೆ. ಹೊಲಿಯುವ ಗೆಳತಿಯರ ಜೊತೆ ಹೋಗಬೇಕೆನ್ನುವುದು ಇದಕ್ಕೇ. ಬಟ್ಟೆಗೆ ಬಣ್ಣ ಹಾಕುವವಳು ನೆರಳಿನ ಏರಿಳಿತ ಹಿಡಿಯುತ್ತಾಳೆ. ಲೆಕ್ಕದ ಹುಚ್ಚಿನವಳು ಇಡೀ ವಿನ್ಯಾಸವನ್ನು ಚೌಕಗಳಾಗಿ ಬಿಡಿಸಿ, ‘ಇದು ಎರಡೇ ಅಚ್ಚು ಕಣ್ರೇ, ತಿರುಗಿಸಿ ಇಟ್ಟಿದ್ದಾಳೆ’ ಅಂತಾಳೆ. ಇನ್ನೊಬ್ಬಳು ಪಕ್ಕಕ್ಕೆ ಸರಿದು ಓರೆಯಾಗಿ ನೋಡುತ್ತಾಳೆ. ಎದುರಿನಿಂದ ಸಪ್ಪೆಯೆನಿಸಿದ್ದ ಬಿಳಿ ಬಟ್ಟೆಯ ಮೇಲೆ ಅಡ್ಡ ಬೆಳಕಿಗೆ ಎಲೆ, ಬಳ್ಳಿ, ಗರಿಗಳ ಸಾಲು ಉಬ್ಬಿ ನಿಲ್ಲುತ್ತದೆ. ಮೊದಲ ದಿನ ಬಹುಮಾನದ ರಿಬ್ಬನ್ ಸಿಕ್ಕಿದವುಗಳ ಮುಂದಿನ ನೂಕುನುಗ್ಗಲಿಗೆ ಸೇರದೆ, ರಿಬ್ಬನ್ ಇಲ್ಲದವನ್ನೇ ನೋಡಿ, ನಿಮ್ಮದೇ ತೀರ್ಪು ಹಾಕಿಕೊಳ್ಳಿ. ಮರುದಿನ ತೀರ್ಪುಗಾರರ ಜೊತೆ ಜಗಳಕ್ಕೆ ಸಾಮಗ್ರಿ ಸಿಗುತ್ತದೆ.

ಮುಟ್ಟುವಂತಿಲ್ಲ. ಬೆರಳಿನ ಎಣ್ಣೆ, ಬೆವರು ಹತ್ತಿಬಟ್ಟೆಯಲ್ಲಿ ಕಲೆಯಾಗಿ ಕೂರುತ್ತವೆ. ಬಿಳಿ ಕೈಗವಸು ತೊಟ್ಟ ಸ್ವಯಂಸೇವಕರು ಅಲ್ಲಲ್ಲಿ ನಿಂತಿರುತ್ತಾರೆ. ಕೇಳಿದರೆ ಅಂಚನ್ನು ಮೆಲ್ಲಗೆ ಎತ್ತಿ ಹಿಂಬದಿ ತೋರಿಸುತ್ತಾರೆ. ಸಂಕೋಚ ಬಿಟ್ಟು ಕೇಳಿ, ಹೊಲಿದವಳ ಅಸಲಿ ಗುಟ್ಟು ಅಲ್ಲೇ ಇರುತ್ತದೆ. ಫೋಟೊ ತೆಗೆಯಲು ಅನುಮತಿ ಇದ್ದರೆ ಮೊದಲು ಹೆಸರಿನ ಫಲಕದ್ದು, ಆಮೇಲೆ ಕ್ವಿಲ್ಟ್‌ನದು ತೆಗೆಯಿರಿ. ಇಲ್ಲವಾದರೆ ಯಾವುದು ಯಾರದ್ದೆಂಬುದು ಮನೆಗೆ ಬಂದ ಮೇಲೆ ಹರಿಯದ ಗೋಜಲು.

ಮಳಿಗೆಗಳ ಅಂಗಳ ಬೇರೆಯದೇ ಲೋಕ. ಬಟ್ಟೆಯನ್ನು ‘ಫ್ಯಾಟ್ ಕ್ವಾರ್ಟರ್’ ಎಂಬ 18x22 ಇಂಚಿನ ತುಂಡುಗಳಾಗಿ ಮಾರುತ್ತಾರೆ. ಅಂದವಾಗಿ ಮಡಿಸಿಟ್ಟ ಆ ರಾಶಿಯ ಮುಂದೆ ವಿವೇಕ ನಿಲ್ಲುವುದಿಲ್ಲ. ನಾಲ್ಕು ಜನ ಸೇರಿ ಒಂದೊಂದು ಗಜ ಕೊಂಡು, ರಾತ್ರಿ ರೂಮಿನಲ್ಲಿ ಕತ್ತರಿಸಿ ಹಂಚಿಕೊಂಡರೆ ಪ್ರತಿಯೊಬ್ಬರಿಗೂ ನಾಲ್ಕು ಬಗೆ. ತರಗತಿಗಳಿಗೆ ಮುಂಚೆಯೇ ಹೆಸರು ಕೊಡಬೇಕು. ಎಲ್ಲರೂ ಒಂದೇ ತರಗತಿಗೆ ಸೇರಬೇಡಿ, ಬೇರೆ ಬೇರೆಯವರ ಬಳಿ ಕಲಿತು ಒಬ್ಬರಿಗೊಬ್ಬರು ಹೇಳಿಕೊಡಿ. ಸಣ್ಣ ಊರಾದ್ದರಿಂದ ರೂಮುಗಳು ಬೇಗ ಮುಗಿಯುತ್ತವೆ, ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು. ನ್ಯಾಶ್‌ವಿಲ್‌ನಿಂದ ಕಾರಿನಲ್ಲಿ ಎರಡು ತಾಸಿನ ಮೇಲೆ ಸ್ವಲ್ಪ. ಅಷ್ಟು ದೂರ ಆಗದಿದ್ದರೆ ಟೆಕ್ಸಸ್‌ನವರಿಗೆ ಹ್ಯೂಸ್ಟನ್ನಿನ ಹಬ್ಬವಿದೆ, ಇಂಗ್ಲೆಂಡಿನವರಿಗೆ ಬರ್ಮಿಂಗ್‌ಹ್ಯಾಮ್‌ನದು.

ಅಮೆರಿಕದಲ್ಲಿರುವ ಕನ್ನಡತಿಯರು ಇಲ್ಲಿಗೆ ಬರಿಗೈಯಲ್ಲಿ ಹೋಗಬೇಕಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ಅಮೆರಿಕದ ಕ್ವಿಲ್ಟ್ ಬಲ್ಲವರಿಗೆ ಹೊಸತಲ್ಲ, ಅಲ್ಲಿನ ಸಂಗ್ರಹಾಲಯಗಳಲ್ಲೂ ಪ್ರದರ್ಶನಗೊಂಡಿದೆ. ಕಟ್ಟುವ ಕ್ರಮ ಮಾತ್ರ ಪೂರ್ತಿ ಬೇರೆ: ಅಂಚಿನಿಂದ ಶುರುಮಾಡಿ, ತುಂಡಿನ ಮೇಲೆ ತುಂಡಿಟ್ಟು ಹೊಲಿಯುತ್ತಾ, ಸುತ್ತುಸುತ್ತಾಗಿ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುವುದು. ಮೂಲೆಗಳಲ್ಲಿ ‘ಫೂಲ’ ಎಂದು ಕರೆಯುವ ಮಡಿಸಿದ ಪುಟ್ಟ ತ್ರಿಕೋನಗಳು. ಮೊನೆಗೆ ಮೊನೆ ಕೂಡಿತೇ ಎಂದು ಅಳೆಯುವ ತೀರ್ಪುಗಾರರ ಪಟ್ಟಿ ಇದಕ್ಕೆ ಹೊಂದುವುದೇ ಇಲ್ಲ. ಊಟದ ಮೇಜಿನಲ್ಲಿ ಪಕ್ಕದವರಿಗೆ ತೋರಿಸಲು ಮನೆಯ ಕೌದಿಯ ಫೋಟೊ ಮೊಬೈಲಿನಲ್ಲಿರಲಿ, ಹಿಂಬದಿಯದೂ ಸೇರಿ. ಅವರು ಕೇಳುವುದು ಅದನ್ನೇ.