ಗಡಿಸೀಮೆಯ ಕಾವಲುಗಾರರೂ ಕೈಚಳಕದ ಕೀರ್ತಿಯೂ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಪಶ್ಚಿಮ ಗಡಿಸೀಮೆಯ ಶಾಂತಿಪಾಲಕರು ಸೊಂಟದ ರಿವಾಲ್ವರನ್ನು ಕ್ಷಣಾರ್ಧದಲ್ಲಿ ಸೆಳೆದು ಎದುರಾಳಿಯನ್ನು ಕೆಡಹುತ್ತಿದ್ದರೆಂಬ ನಂಬಿಕೆ ಲೋಕಪ್ರಸಿದ್ಧವಾದುದು. ಚಲನಚಿತ್ರಗಳ ಮೂಲಕ ಅದು ನಮ್ಮ ವಿದ್ಯಾರ್ಥಿಗಳಿಗೂ ಚಿರಪರಿಚಿತ. ಆದರೆ ಗಡಿಸೀಮೆಯನ್ನು ಕಾದುದು ಕೈಯ ವೇಗವೇ, ಅಥವಾ ಬೇರೊಂದು ವ್ಯವಸ್ಥೆಯೇ? ಈ ಪ್ರಶ್ನೆಯನ್ನು ಕನ್ನಡ ನಾಡಿನ ತುರುಗಾಳಗದ ವೀರರ ಹಾಗೂ ಹಳ್ಳಿಯ ತಳವಾರರ ನಿದರ್ಶನಗಳೊಡನೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಯುಧದ ವಿಚಾರ. ಸ್ಯಾಮ್ಯುಯೆಲ್ ಕೋಲ್ಟನಿಗೆ ಅಮೆರಿಕದಲ್ಲಿ ರಿವಾಲ್ವರಿನ ಹಕ್ಕುಪತ್ರ ದೊರೆತದ್ದು 1836ರಲ್ಲಿ. ಗಡಿಸೀಮೆಯಲ್ಲಿ ಬಹುಖ್ಯಾತವಾದ ಮಾದರಿ ಬಂದದ್ದು 1873ರಲ್ಲಿ. ಅದರಲ್ಲಿ ಆರು ಗುಂಡುಗಳಿಗೆ ಎಡೆಯಿದ್ದಿತು. ಪ್ರತಿ ಸಲವೂ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು, ಆಮೇಲೆ ಕುದುರೆಯನ್ನು ಒತ್ತಬೇಕಾಗಿದ್ದಿತು. ಎಳೆಯುವ ಆತುರದಲ್ಲಿ ಗುರಿ ತಪ್ಪುವುದು ಸಹಜ. 2010ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಎದುರಾಳಿಯ ಚಲನೆಗೆ ಪ್ರತಿಯಾಗಿ ಮಾಡಿದ ಚಲನೆ ಸುಮಾರು 21 ಮಿಲಿಸೆಕೆಂಡಿನಷ್ಟು ಚುರುಕೆಂದು ಕಂಡುಬಂದಿತು. ಆದರೆ ಆ ಚಲನೆಯನ್ನು ಗುರುತಿಸಿ ಕೈ ಆಡಿಸಲಾರಂಭಿಸುವುದಕ್ಕೇ ಸುಮಾರು 200 ಮಿಲಿಸೆಕೆಂಡು ಬೇಕಾಗುವುದರಿಂದ, ಆ ಚುರುಕು ಪ್ರಾಣವನ್ನು ಉಳಿಸುವಷ್ಟಾಗದು.

ಇನ್ನು ವ್ಯಕ್ತಿಗಳ ವಿಚಾರ. 1865ರ ಜುಲೈ 21ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ಹಿಕಾಕ್ ಎಂಬಾತ ಡೇವಿಸ್ ಟಟ್ಟನನ್ನು ಸುಮಾರು 75 ಗಜ ದೂರದಿಂದ ಒಂದೇ ಗುಂಡಿಗೆ ಕೊಂದನು. ಅಷ್ಟು ದೂರದಲ್ಲಿ ಗೆಲವು ತಂದುದು ಸೆಳೆತದ ವೇಗವಲ್ಲ, ಗುರಿಯ ಸ್ಥಿರತೆ. 1867ರಲ್ಲಿ ಒಂದು ಮಾಸಪತ್ರಿಕೆ ಆತನ ಸಾಹಸಗಳನ್ನು ಬಹುವಾಗಿ ಹಿಗ್ಗಿಸಿ ಪ್ರಕಟಿಸಿತು. ಕೀರ್ತಿ ಅಲ್ಲಿಂದ ಬೆಳೆಯಿತು. ಅದೇ ಹಿಕಾಕ್ 1871ರಲ್ಲಿ ಕ್ಯಾನ್ಸಾಸಿನ ಅಬಿಲೀನ್ ಪಟ್ಟಣದ ಮಾರ್ಷಲನಾಗಿದ್ದಾಗ, ಫಿಲ್ ಕೋ ಎಂಬವನೊಡನೆ ನಡೆದ ಗುಂಡಿನ ಕಾಳಗದಲ್ಲಿ, ತನ್ನ ನೆರವಿಗೆ ಓಡಿಬಂದ ಸಹಾಯಕ ಮೈಕ್ ವಿಲಿಯಮ್ಸನನ್ನೇ ತಿಳಿಯದೆ ಕೊಂದನು. ಆ ವರ್ಷದ ಕೊನೆಗೆ ಪಟ್ಟಣವು ಆತನನ್ನು ಕೆಲಸದಿಂದ ಬಿಡಿಸಿತು. ವೇಗದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಅಲ್ಲಿಯ ಪಟ್ಟಣಗಳು ನಚ್ಚಿದ್ದು ಮುಖ್ಯವಾಗಿ ಕಟ್ಟಳೆಯನ್ನು. ಊರೊಳಗೆ ಆಯುಧ ಧರಿಸುವುದನ್ನು ಹಲವು ಕಡೆ ನಿಷೇಧಿಸಿದ್ದರು. 1881ರ ಅಕ್ಟೋಬರ್ 26ರಂದು ಟೂಂಬ್‌ಸ್ಟೋನಿನಲ್ಲಿ ನಡೆದ, ಸುಮಾರು 30 ಸೆಕೆಂಡುಗಳ ಪ್ರಸಿದ್ಧ ಕಾಳಗಕ್ಕೂ ಇಂಥ ಕಟ್ಟಳೆಯನ್ನು ಜಾರಿಗೊಳಿಸುವ ಯತ್ನವೇ ನಿಮಿತ್ತವಾಯಿತು. ಐದು ದನದ ವ್ಯಾಪಾರದ ಪಟ್ಟಣಗಳನ್ನು ಅಭ್ಯಸಿಸಿದ ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ, 1870ರಿಂದ 1885ರವರೆಗೆ ಅಲ್ಲಿ ನಡೆದ ಕೊಲೆಗಳು ಒಟ್ಟು 45 ಎಂದು 1968ರ ತನ್ನ ಗ್ರಂಥದಲ್ಲಿ ಲೆಕ್ಕ ಕೊಟ್ಟಿದ್ದಾನೆ.

ನಮ್ಮ ನಾಡಿಗೆ ಬರೋಣ. ಇಲ್ಲಿಯೂ ದನವೇ ಸಂಪತ್ತು, ದನವೇ ಕಲಹದ ಮೂಲ. ಶತ್ರುಗಳು ತುರುಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ಅವನ್ನು ಮರಳಿಸಿ ಮಡಿದವರಿಗೆ ಊರವರು ವೀರಗಲ್ಲು ನಿಲ್ಲಿಸುತ್ತಿದ್ದರು. ಈ ಶಾಸನಗಳು ಸಾಮಾನ್ಯವಾಗಿ ಹೇಳುವುದು ವೀರನು ಎಷ್ಟು ಬೇಗ ಕತ್ತಿ ಹಿರಿದನೆಂಬುದನ್ನಲ್ಲ. ಯಾರಿಗಾಗಿ ಕಾದಿದನು, ಅವನ ಮನೆತನಕ್ಕೆ ಏನು ಸಂದಿತು ಎಂಬುದನ್ನು. ಕಲ್ನಾಡು, ನೆತ್ತರುಕೊಡಗೆ, ಬಾಳ್ಗಚ್ಚು ಎಂಬ ದತ್ತಿಗಳ ಹೆಸರುಗಳೇ ಇದನ್ನು ಸಾರುತ್ತವೆ. ಕ್ರಿ.ಶ. ಸುಮಾರು 890ರ ಬೇಗೂರು ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದು ತುರುಗಾಳಗದ್ದಲ್ಲ, ದಂಡಿನ ಕಾಳಗದ್ದು; ನಾಗತ್ತರನು ಮಡಿದ ಮೇಲೆ ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದು ತಿಳಿಸುತ್ತದೆ. ಆಳು ಅಳಿದರೂ ಹೊಣೆ ಉಳಿಯಿತು.

ಈ ಹೊಣೆಗಾರಿಕೆಯ ನಿತ್ಯರೂಪವೇ ತಳವಾರಿಕೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಂದ ಐದನೆಯ ವರದಿ, ದಕ್ಷಿಣದ ಹಳ್ಳಿಗಳ ತಳವಾರನು ಅಪರಾಧಗಳ ಸುಳಿವು ಹಿಡಿಯುವವನೂ ಊರಿಂದೂರಿಗೆ ದಾರಿಗರನ್ನು ಕಾಪಾಡಿ ತಲಪಿಸುವವನೂ ಎಂದು ಬಣ್ಣಿಸುತ್ತದೆ. ಬೆಳೆ ಕಾಯುವುದು ತೋಟಿಯ ಪಾಲು. ಬಿಳಿಗೆರೆಯಂಥ ತಿಪಟೂರು ಸೀಮೆಯ ತೆಂಗಿನ ಊರುಗಳಲ್ಲಿ ಕಾವಲೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ: ಊರಿನ ಹಾದಿ, ಮುಖ, ಹೆಜ್ಜೆಗಳ ಪರಿಚಯವೇ ಕಾವಲುಗಾರನ ನಿಜವಾದ ಆಯುಧ. ಈ ವಂಶಪಾರಂಪರ್ಯ ಹುದ್ದೆಗಳು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಕೊನೆಗೊಂಡವು. ಹುಟ್ಟಿನಿಂದ ಬಂದ ಈ ಕೆಲಸದಲ್ಲಿ ದುಡಿತ ಹೆಚ್ಚು, ಮನ್ನಣೆ ಕಡಮೆ ಇದ್ದಿತೆಂಬುದನ್ನೂ ನಾವು ಮರೆಯಲಾಗದು.

ಕೋವಿಯ ಕೌಶಲ ನಮ್ಮಲ್ಲಿ ಇಲ್ಲವೆಂದಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡಿಡುವ ಪಂದ್ಯ ನಡೆಯುತ್ತದೆ. ಅಲ್ಲಿಯೂ ಮೆಚ್ಚುಗೆ ಸಲ್ಲುವುದು ಆತುರದ ಕೈಗಲ್ಲ, ನಿಂತ ಉಸಿರಿಗೆ.

ಆದುದರಿಂದ ಗಡಿಸೀಮೆಯ ಇತಿಹಾಸವನ್ನು ಬೋಧಿಸುವಾಗ ನಾವು ಕೇಳಬೇಕಾದುದು ಯಾರು ಮೊದಲು ಆಯುಧವನ್ನು ಸೆಳೆದರೆಂಬುದನ್ನಲ್ಲ. ಯಾರ ಅಪ್ಪಣೆಯಿಂದ, ಯಾರ ರಕ್ಷಣೆಗಾಗಿ ಸೆಳೆದರು, ತಪ್ಪಿದಾಗ ಯಾರಿಗೆ ಉತ್ತರ ಹೇಳಬೇಕಾಗಿದ್ದಿತು ಎಂಬುದನ್ನು. ಅಬಿಲೀನಿನ ಜನ ಆ ಉತ್ತರವನ್ನು ಕೇಳಿದರು. ನಮ್ಮ ಹಳ್ಳಿಗಳ ಅಂಚಿನಲ್ಲಿ ಮಣ್ಣಿನಲ್ಲಿ ಅರ್ಧ ಹೂತಿರುವ ವೀರಗಲ್ಲುಗಳು ಅದೇ ಪ್ರಶ್ನೆಗೆ ತಮ್ಮ ರೀತಿಯಲ್ಲಿ ಉತ್ತರವಿತ್ತಿವೆ. ಅವನ್ನು ಓದಿಸುವ ಕೆಲಸ ಅಧ್ಯಾಪಕರದು.