ಕಿವಿಗೆ ಹಿತವಾದ ಮಂದ್ರನಾದ

ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ನಾಲಗೆಗೆ ಮಾತ್ರವಲ್ಲದೆ ಕಿವಿಗೂ ಸಲ್ಲತಕ್ಕುದೆಂಬುದನ್ನು ನಾವು ಇಳಿವಯಸ್ಸಿನಲ್ಲಿ ಕಲಿಯಬೇಕಾಯಿತು.

ನಿವೃತ್ತರಾದ ಬಳಿಕ, ಮನೆಯವರ ನಿದ್ರೆಗೆ ಭಂಗವಾಗದಿರಲೆಂದು ರಾತ್ರಿಯ ವೇಳೆ ಹೆಡ್‌ಫೋನನ್ನು ಧರಿಸಿ ಮೆಲ್ಲಗೆ ಸಂಗೀತವನ್ನು ಕೇಳುವುದು ನಮಗೆ ರೂಢಿಯಾಯಿತು. ಮೃದಂಗದ ನಾದವು ಬಡವಾಗಿ ತೋರಿದುದರಿಂದ, ಬೇಸ್ ಎಂದು ಕರೆಯುವ ತಗ್ಗುನಾದವನ್ನು ಏರಿಸಿಟ್ಟೆವು. ಮರುದಿನ ಹಗಲಿನ ಸದ್ದುಗದ್ದಲದಲ್ಲಿ ಕೇಳಿದರೆ ಕೀರ್ತನೆಯ ಸಾಹಿತ್ಯವೇ ತಿಳಿಯದು. ಧ್ವನಿಯನ್ನು ಹೆಚ್ಚಿಸಿದಷ್ಟೂ ಗುಡುಗೇ ಹೆಚ್ಚಿತು. ಅರ್ಧ ಗಂಟೆಯೊಳಗೆ ತಲೆ ಭಾರವಾಯಿತು. ಕಿವಿಯು ಮಂದವಾಯಿತೆಂದು ಹಲವು ದಿನ ಕೊರಗಿದೆವು. ಕಡೆಗೆ ನಮ್ಮ ಮೊಮ್ಮಗಳು, “ತಾತಾ, ಬೇಸ್ ಅತಿಯಾಗಿದೆ” ಎಂದು ಅದನ್ನು ತಗ್ಗಿಸಿದಳು. ಒಡನೆಯೇ ಪದಗಳು ಸ್ಫುಟವಾದುವು. ಒಟ್ಟು ಧ್ವನಿಯನ್ನೂ ಇಳಿಸುವಂತಾಯಿತು.

ಇದಕ್ಕೆ ಕಾರಣವೇನೆಂದು ವಾಚಕರು ಕೇಳಬಹುದು. ಆರೋಗ್ಯವಂತನಾದ ಯುವಕನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವು ಗೋಚರವಾಗುವುದು. ಇವುಗಳಲ್ಲಿ ಸುಮಾರು 250ಕ್ಕೆ ಕೆಳಗಿನದು ಬೇಸ್. ವ್ಯಂಜನಗಳ ಸ್ಪಷ್ಟತೆಯಾದರೋ ಬಹುಮಟ್ಟಿಗೆ 2,000ದ ಆಸುಪಾಸಿನ ಮತ್ತು ಅದಕ್ಕೆ ಮೇಲ್ಪಟ್ಟ ಕಂಪನಗಳನ್ನು ಅವಲಂಬಿಸಿರುವುದು. ಪ್ರಬಲವಾದ ತಗ್ಗುನಾದವು ತನಗಿಂತ ಮೇಲಿನ ನಾದಗಳನ್ನು ಮರೆಮಾಡುವುದು ಶ್ರವಣೇಂದ್ರಿಯದ ಸ್ವಭಾವ. ಇದಲ್ಲದೆ, ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಪ್ರಕಟಿಸಿದ ಪ್ರಯೋಗಗಳಂತೆ, ಧ್ವನಿಯು ಮೆಲ್ಲಗಿರುವಾಗ ತಗ್ಗುನಾದವು ಕಿವಿಗೆ ಸಾಲದೆಂದು ತೋರುವುದು; ಧ್ವನಿಯೇರಿದಂತೆ ಆ ಕೊರತೆಯು ತಾನಾಗಿಯೇ ನೀಗುವುದು. ರಾತ್ರಿ ಹಿತವಾಗಿದ್ದುದು ಹಗಲು ಹೊರೆಯಾದುದು ಹೀಗೆ.

ಹೆಡ್‌ಫೋನಿನ ಮೆತ್ತೆಯು ಕಿವಿಗೆ ಸರಿಯಾಗಿ ಕೂಡದಿದ್ದರೂ ತಗ್ಗುನಾದವು ಸೋರಿಹೋಗುವುದು. ಆಗ ಮೆತ್ತೆಯನ್ನು ಸರಿಪಡಿಸಬೇಕೇ ಹೊರತು ಬೇಸನ್ನು ಏರಿಸತಕ್ಕುದಲ್ಲ.

ಮೃದಂಗದ ವಿದ್ವಾಂಸರು ಎಡಮುಖಕ್ಕೆ ರವೆಯ ಕಣಕವನ್ನು ಮೆತ್ತಿ, ನುಡಿಸಿ ನೋಡಿ, ಹೆಚ್ಚಾದುದನ್ನು ತೆಗೆದು ಹದಗೊಳಿಸುವರು. ಆ ವಿವೇಕವೇ ನಮಗೂ ಮಾದರಿ.

ಕೇಳುವ ಸಾಧನಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾನದಂಡದಂತೆ, ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆಯೂ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆಯೂ ಮಿತಿ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟವು.

ಆದುದರಿಂದ, ಮಾತು ತಿಳಿಯದಿದ್ದಾಗ ಧ್ವನಿಯನ್ನು ಏರಿಸುವ ಮೊದಲು ಬೇಸನ್ನು ತಗ್ಗಿಸಿ ನೋಡತಕ್ಕುದು. ಅದರಿಂದಲೂ ತಿಳಿಯದಿದ್ದರೆ ವೈದ್ಯರಿಗೆ ತೋರಿಸತಕ್ಕುದು. ಮಕ್ಕಳಿಗೂ ಇದನ್ನು ಕಲಿಸೋಣ. ನಮಗಾದರೋ ಇದನ್ನು ಕಲಿಸಿದವಳು ಮಗುವೇ.